ಹೊಗೆ ಕೊಟ್ಟ ಜಾಡಿ

ಬೆಳಗಿನ ಜಾವದಿಂದಲೇ ಸೋನೆ ಹಿಡಿದುಕೊಂಡಿತ್ತು. ಕೊಡೆ ಬಿಚ್ಚಿದರೆ ನಾಚಿಕೆಯಾಗಬೇಕು, ಬಿಚ್ಚದೆ ಹೊರಟರೆ ತಲೆ ನೆನೆಯಬೇಕು, ಅಂಥ ಸೋನೆ. ಚಾಮುಂಡಿ ಬೆಟ್ಟ ಮೋಡದೊಳಗೆ ಹೋಗಿ ಕೂತಿತ್ತು. ಕುವೆಂಪುನಗರದಲ್ಲಿ ತಾರಸಿಯ ಮೇಲೆ ನಿಂತು ದಿನಾ ಬೆಟ್ಟಕ್ಕೆ ಕೈಮುಗಿಯುವವರು ಅವತ್ತು ಅಂದಾಜಿನಲ್ಲೇ ಆ ದಿಕ್ಕಿಗೆ ಕೈಮುಗಿದರು. ತಾಯಿ ನಮಗೆ ಕಾಣದಿದ್ದರೇನು, ಅವಳಿಗೆ ನಾವು ಕಾಣುತ್ತೇವಲ್ಲ. ಅಂಥ ಬೆಳಿಗ್ಗೆ ಪ್ರೇಮಮ್ಮ ತನ್ನ ಮನೆಯ ಹಿಂದುಗಡೆ ಅಗ್ಗಿಷ್ಟಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬೀಸಣಿಗೆ ಹಿಡಿದು, ಇಸ್ತ್ರಿ ಅಂಗಡಿಯಿಂದ ತಂದ ಒದ್ದೆ ಇದ್ದಿಲನ್ನು ಬೈಯುತ್ತ, ನಡುನಡುವೆ ಮಾದಪ್ಪನನ್ನು ಕರೆಯುತ್ತ ಇದ್ದಳು.

ಮಧ್ಯಾಹ್ನಕ್ಕೆ ಬೀಗರೂಟ. ತೊಂಬತ್ತೇಳನೇ ಇಸವಿಯ ಜೂನ್ ತಿಂಗಳು. ಮಗಳು ಸುಷ್ಮಿತಾಳ ಮದುವೆ ಮುಗಿದು ಬಹಳ ದಿನವಾಗಿರಲಿಲ್ಲ. ಗಂಡಿನ ಕಡೆಯವರು ಇಲವಾಲದಿಂದ ವ್ಯಾನು ಮಾಡಿಕೊಂಡು ಬರುವವರಿದ್ದರು. ತಾರಸಿಯ ಮೇಲೆ ಪೆಂಡಾಲು ಹಾಕಿ ಅಡುಗೆಯವರು ಆಗಲೇ ಮಸಾಲೆ ಹುರಿಯುತ್ತಿದ್ದರು. ಊಟದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಇದ್ದ ಚಿಂತೆಯೆಲ್ಲ ಒಂದು ಗ್ಲಾಸಿನದು.

ಮದುವೆಯ ದಿನ ನಡೆದದ್ದು ಇಷ್ಟು. ಛತ್ರದ ಮಹಡಿಯ ಕೋಣೆಯಲ್ಲಿ, ಹೆಂಗಸರ ಕಣ್ಣಿಗೆ ಬೀಳದ ಹಾಗೆ, ಗಂಡಸರಿಗೆ ಒಂದಿಷ್ಟು ಏರ್ಪಾಟಾಗಿತ್ತು. ಹೆಣ್ಣಿನ ತಂದೆ ಕುಮಾರಸ್ವಾಮಿ ತಾನೇ ಮುಂದೆ ನಿಂತು ಮೊದಲ ಗ್ಲಾಸನ್ನು ಗಂಡಿನ ದೊಡ್ಡಪ್ಪ ಮೂಗಯ್ಯನ ಕೈಗೆ ಕೊಟ್ಟ. ಮೂಗಯ್ಯ ಆ ಮನೆಗೆ ಹಿರಿಯ. ಅವನ ತಮ್ಮ ಸಣ್ಣಮಾದಯ್ಯ, ಅಂದರೆ ಗಂಡಿನ ತಂದೆ, ಅಣ್ಣನ ಮುಖ ನೋಡದೆ ಸೀನುವುದೂ ಇಲ್ಲ. ಇನ್ನು ಮೂಗಯ್ಯನ ಕುಡಿತ ಆ ಸುತ್ತಿನಲ್ಲಿ ಹೆಸರುವಾಸಿ. ಕೊಡದ ತುಂಬ ಹೆಂಡ ಕುಡಿದು, ಎರಡು ಹಟ್ಟಿಯ ನ್ಯಾಯ ತೀರಿಸಿ, ಒಂದು ಮಾತು ತಪ್ಪದೆ, ಒಂದು ಹೆಜ್ಜೆ ಓಲಾಡದೆ ಮನೆಗೆ ನಡೆದುಹೋದವನು ಎಂದು ಹೇಳುತ್ತಿದ್ದರು. ಅಂಥ ಮೂಗಯ್ಯ ಗ್ಲಾಸು ಹಿಡಿದು ಕಿಟಕಿಯವರೆಗೆ ಹೋದ, ಬಾಗಿಲವರೆಗೆ ಬಂದ, ಮೆಟ್ಟಿಲಿಳಿಯುತ್ತ ಇಳಿಯುತ್ತ ತುಂಬಿದ ಗ್ಲಾಸನ್ನು ನಡುಮೆಟ್ಟಿಲ ಮೇಲೆ ಇಟ್ಟು, ಕೆಳಗೆ ಹೋಗಿ ಕೂತುಬಿಟ್ಟ.

ಧಾರೆ ಮುಗಿಯುವುದರೊಳಗೆ ಇಡೀ ಛತ್ರಕ್ಕೆ ಸುದ್ದಿ ಹಬ್ಬಿತು. "ಮೂಗಯ್ಯ ಬುಟ್ಟೋಗವ್ನೆ! ಮುಟ್ಟೂ ಇಲ್ಲ!"

ಹೆಣ್ಣೊಪ್ಪಿಸುವಾಗ ಪ್ರೇಮಮ್ಮ ಕಣ್ಣೊರೆಸಿಕೊಂಡು ಮೂಗಯ್ಯನ ಮುಂದೆ ನಿಂತಳು. "ಅಣ್ಣ, ಆಷಾಢಕ್ಕೆ ಮಗೂನ ಕಳಿಸಿಕೊಡಿ" ಎಂದಳು. ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಆಷಾಢವನ್ನು ತವರಿನಲ್ಲಿ ಕಳೆಯುವುದು ನಮ್ಮ ಕಡೆಯ ಪದ್ಧತಿ. ಗಂಡನ ಮನೆಯ ಹಿರಿಯರೇ ಕರೆತಂದು ಬಿಡಬೇಕು. ಮೂಗಯ್ಯ ಹೆಗಲ ಟವೆಲನ್ನು ಒಮ್ಮೆ ನೋಡಿಕೊಂಡು, "ನೋಡಾನ ಕಣವ್ವ" ಎಂದ.

ಹಿರಿಯರ ಬಾಯಲ್ಲಿ 'ನೋಡಾನ' ಬಂದರೆ ಅದಕ್ಕೇನು ಅರ್ಥವೆಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದ ಪ್ರೇಮಮ್ಮನಿಗೆ ಗೊತ್ತಿತ್ತು. ಒಬ್ಬಳೇ ಮಗಳು. ಮಗಳ ಮದುವೆಯಾದ ಮೇಲೂ ಪ್ರೇಮಮ್ಮ ದಿನಾ ಕುಕ್ಕರಿಗೆ ಮೂರು ಜನರ ಅಕ್ಕಿಯನ್ನೇ ಹಾಕುತ್ತಿದ್ದಳು. ಅವಳು ಕೇಳಿದ್ದು ಒಂದು ತಿಂಗಳು, ಅಷ್ಟೇ.

"ನಾನು ತಂದ ಮಾಲು ಕಮ್ಮಿದಾಯ್ತು ಕಣೇ" ಎಂದು ಕುಮಾರಸ್ವಾಮಿ ನಿರ್ಣಯ ಮಾಡಿದ. ಅವನು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಯಾವ ಯಂತ್ರ ನಿಂತರೂ ಒಂದು ಕಾರಣ ಹೇಳಿಯೇ ತೀರುವ ಅಭ್ಯಾಸ. "ಅಂಥಾ ದೊಡ್ಡ ಕುಡುಕನಿಗೆ ಸಾದಾ ವಿಸ್ಕಿ ಕೊಟ್ರೆ ಮರ್ಯಾದೆ ಇರ್ತದಾ? ಬೀಗರೂಟದಲ್ಲಿ ಅವರು ಎಲ್ಲೂ ಕುಡಿದಿರಬಾರ್ದು, ಅಂಥದ್ದು ಕೊಡ್ತೀನಿ ನೋಡು."

ಅಂಥದ್ದು ಏನೆಂದು ತಿಳಿಯಲು ಅವನು ಹೋದದ್ದು ಪಕ್ಕದ ಮನೆಯ ಬಿಂದುಮಾಧವ ರಾಯರ ಹತ್ತಿರ. ರಾಯರು ಊರಿನ ಹಳೆಯ ಕ್ಲಬ್ಬೊಂದರಲ್ಲಿ ಬಹುಕಾಲ ಲೆಕ್ಕ ಬರೆದು ನಿವೃತ್ತರಾದವರು. ಏಕಾದಶಿ ತಪ್ಪಿಸಿದವರಲ್ಲ, ಈರುಳ್ಳಿ ಮುಟ್ಟಿದವರಲ್ಲ. ಕಾಂಪೌಂಡಿನ ಗೋಡೆಯ ಆಚೆ ಅವರು ಪೂಜೆಗೆ ನಂದಿಬಟ್ಟಲು ಬಿಡಿಸುತ್ತಿದ್ದಾಗ ಈಚೆಯಿಂದ ಕುಮಾರಸ್ವಾಮಿ ಕೇಳಿದ.

"ರಾಯರೇ, ದೊಡ್ಡೋರು ಕುಡಿಯೋಂಥದ್ದು ಏನಾದ್ರೂ ಹೇಳ್ಕೊಡಿ."

"ದೊಡ್ಡೋರು ಅಂದ್ರೆ?"

"ನಿಮ್ಮ ಕ್ಲಬ್ಬಿಗೆ ಬರ್ತಿದ್ರಲ್ಲ, ಎಸ್ಟೇಟ್ ಸಾಹೇಬ್ರುಗಳು, ಅಂಥೋರು."

ರಾಯರು ಮನೆಯ ಕಡೆ ಒಮ್ಮೆ ತಿರುಗಿ ನೋಡಿ ಹೂವಿನ ಬುಟ್ಟಿಯನ್ನು ಗೋಡೆಯ ಮೇಲಿಟ್ಟರು. "ನಾನು ಮುಟ್ಟಿದವನಲ್ಲ, ತಿಳ್ಕೊಳ್ಳಿ. ಆದ್ರೆ ಮೂಗಿಗೆ ಬಾಗಿಲು ಹಾಕೋಕಾಗತ್ಯೇ? ಪಂಚ್ ಅಂತ ಒಂದು ಮಾಡ್ತಿದ್ರು. ಹುಳಿಹಣ್ಣಿನ ಸಿಪ್ಪೇನ ಸಿಹೀಲಿ ಹೊಸಕಿ ರಾತ್ರಿಯೆಲ್ಲ ಇಡೋದು, ಎಣ್ಣೆ ಬಿಟ್ಕೊಳತ್ತೆ. ಹಣ್ಣಿನ ಹೋಳು ಕೆಂಡದ ಮೇಲೆ ಬೋರಲು ಹಾಕಿ, ಕಪ್ಪಗಾದ ಮೇಲೆ ಹಿಂಡೋದು. ಲವಂಗ, ಚಕ್ಕೆ, ಟೀ ಡಿಕಾಕ್ಷನ್ನು. ಆಮೇಲೆ ಆ ದ್ರವ್ಯ."

"ಯಾವ ದ್ರವ್ಯ?"

"ಅದೇ ರೀ, ದ್ರವ್ಯ!" ರಾಯರು ಗಾಳಿಯಲ್ಲಿ ಒಂದು ಬಾಟಲಿಯ ಆಕಾರ ಬರೆದು ತಕ್ಷಣ ಕೈ ಒರೆಸಿಕೊಂಡರು. "ಆದ್ರೆ ಮುಖ್ಯವಾದ್ದು ಹೊಗೆ. ವಿಲಾಯತಿಯ ಕೆಲವು ದ್ರವ್ಯದಲ್ಲಿ ಹೊಗೆ ವಾಸನೆ ಇರತ್ತಂತೆ. ಅದು ಸಿಗದೇ ಇದ್ದಾಗ ಬಟ್ಲರ್ ಒಂದು ಉಪಾಯ ಮಾಡ್ತಿದ್ದ. ಪಿಂಗಾಣಿ ಜಾಡೀನ ತೆಂಗಿನ ಕರಟದ ಕೆಂಡದ ಮೇಲೆ ಬೋರಲು ಹಾಕಿ ಹೊಗೆ ಕೊಡ್ತಿದ್ದ. ಹೊಗೆ ಮೈಗೆ ಹಿಡಿದ ಜಾಡೀಲಿ ಎಲ್ಲಾನೂ ಹುಯ್ದು ಮುಚ್ಚಿಡೋದು. ಸಾಹೇಬ್ರುಗಳು ಅದನ್ನ ನಿಂತ್ಕೊಂಡೇ ಕುಡಿಯೋರು."

"ನಿಂತ್ಕೊಂಡು ಯಾಕೆ?"

"ಕೂತ್ರೆ ಏಳೋಕಾಗ್ತಿರಲಿಲ್ಲ."

ಕುಮಾರಸ್ವಾಮಿಗೆ ಇಷ್ಟು ಸಾಕಾಯಿತು. ಮಾರ್ಕೆಟ್ಟಿನಲ್ಲಿ ಕಿತ್ತಳೆಯ ಕಾಲವಲ್ಲ. ಹೇರಳೆಕಾಯಿ, ಮೂಸಂಬಿ, ನಿಂಬೆಹಣ್ಣು ಚೀಲದ ತುಂಬ ತಂದ. ಹಿಂದಿನ ರಾತ್ರಿ ಪ್ರೇಮಮ್ಮ ಸಿಪ್ಪೆಯನ್ನೆಲ್ಲ ಹೆರೆದು ಬೆಲ್ಲದ ಪುಡಿಯಲ್ಲಿ ಹೊಸಕಿಟ್ಟಳು. ಮನೆಯೆಲ್ಲ ಘಂ ಎಂದಿತು. ಇನ್ನು ಪಿಂಗಾಣಿಯಲ್ಲಿ ದೊಡ್ಡದೆಂದರೆ ಆ ಮನೆಯಲ್ಲಿದ್ದದ್ದು ಒಂದೇ, ಉಪ್ಪಿನಕಾಯಿ ಜಾಡಿ. ಅದನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಿಲ್ಲವೆಂದು ಗ್ಯಾಸ್ ಒಲೆಯ ಪಕ್ಕದಲ್ಲಿಟ್ಟು ಒಣಗಿಸಿದಳು.

ಬೆಳಿಗ್ಗೆ ಐಸು ತರಲು ಸ್ಕೂಟರ್ ಹತ್ತುತ್ತ ಕುಮಾರಸ್ವಾಮಿ ಕೂಗಿ ಹೇಳಿದ. "ಪ್ರೇಮಾ, ನಾನು ಬರೋ ಹೊತ್ಗೆ ಜಾಡಿಗೆ ಹೊಗೆ ಕೊಟ್ಟಿಡು. ಚೆನ್ನಾಗಿ ಕೊಡು!"

ಜಾಡಿಗೆ ಹೊಗೆ ಕೊಡುವುದನ್ನು ಪ್ರೇಮಮ್ಮನಿಗೆ ಯಾರಾದರೂ ಹೇಳಿಕೊಡಬೇಕೆ? ಕೆಂಡ. ಕೆಂಡದ ಮೇಲೆ ಒಂದು ಚೂರು ಗಟ್ಟಿ ಇಂಗು, ನಾಲ್ಕು ತೊಟ್ಟು ಎಣ್ಣೆ. ಅದರ ಮೇಲೆ ಬೋರಲು ಜಾಡಿ, ಬಾಯಿಯ ಸುತ್ತ ಒದ್ದೆ ಬಟ್ಟೆ. ಅವಳ ಅಜ್ಜಿ ಕೊಟ್ಟದ್ದು ಹಾಗೆ, ತಾಯಿ ಕೊಟ್ಟದ್ದು ಹಾಗೆ. ಹಾಗೆ ಹೊಗೆ ಕೊಟ್ಟ ಜಾಡಿಯಲ್ಲಿ ಬೂಷ್ಟು ಹಿಡಿಯುವುದಿಲ್ಲ, ಹಾಕಿದ್ದು ಕೆಡುವುದಿಲ್ಲ. ಜಾಡಿಗೆ ಬೇರೆ ಯಾವ ಹೊಗೆಯಾದರೂ ಇದೆಯೆಂದು ಆ ವಂಶದ ಯಾವ ಹೆಣ್ಣುಮಗಳೂ ಕನಸಿನಲ್ಲಿ ಕಂಡಿರಲಿಲ್ಲ. ಅಲ್ಲದೆ ಇವತ್ತು ಮಗಳ ಆಷಾಢದ ಪ್ರಶ್ನೆ. ಯಜಮಾನರು ಬೇರೆ ಚೆನ್ನಾಗಿ ಕೊಡು ಎಂದಿದ್ದಾರೆ. ಎಂದಿನ ಚೂರಿನ ಬದಲು ಪ್ರೇಮಮ್ಮ ನೆಲ್ಲಿಕಾಯಿ ಗಾತ್ರದ ಇಂಗನ್ನು ಕೆಂಡದ ಮೇಲಿಟ್ಟು, ಮಾದಪ್ಪಾ ನೀನೇ ನೋಡಿಕೋ ಎಂದು ಕೈಮುಗಿದು, ಜಾಡಿ ಬೋರಲು ಹಾಕಿದಳು. ಸೋನೆಗೆ ಮೇಲೇರಲಾರದ ಹೊಗೆ ನೆಲ ಹಿಡಿದು ಹೊರಟು ಬೀದಿ ದಾಟಿತು. ಎದುರು ಮನೆಯವರಿಗೆ ತಿಂಡಿ ತಿಂದಿದ್ದರೂ ಮತ್ತೆ ಹಸಿವಾಯಿತು.

ಹೊಗೆ ಕುಡಿದ ಜಾಡಿಗೆ ಅವಳು ಸುಟ್ಟ ಹಣ್ಣಿನ ರಸ, ಬೆಲ್ಲದ ಪಾಕ, ಡಿಕಾಕ್ಷನ್ನು ಸುರಿದು ಬಿಳಿ ಬಟ್ಟೆ ಕಟ್ಟಿಟ್ಟಳು. ಐಸು ತಂದ ಕುಮಾರಸ್ವಾಮಿ ಅವಸರದಲ್ಲಿ ಬಟ್ಟೆ ಸರಿಸಿ, ಬಾಟಲಿಗಳನ್ನು ಒಂದರ ಹಿಂದೊಂದು ಗಳಗಳ ಬಗ್ಗಿಸಿ, ಸೌಟಿನಿಂದ ತಿರುವಿ, ಮೂಗು ಹತ್ತಿರ ತಂದ. ತಿರುವುತ್ತಿದ್ದ ಕೈ ನಿಂತಿತು.

"ಪ್ರೇಮಾ."

"ಏನ್ರೀ?"

"ಇದರೊಳಗೆ ಯಾರೋ ಬಿಸಿಬೇಳೆಬಾತ್ ಮಾಡವ್ರೆ."

"ಹೊಗೆ ಕೊಡು ಅಂದ್ರಿ, ಕೊಟ್ಟೆ."

"ಯಾತರ ಹೊಗೆ?"

"ಜಾಡಿಗೆ ಯಾತರ ಹೊಗೆ ಕೊಡ್ತಾರೆ? ಇಂಗಿನ ಹೊಗೆ."

"ಅಯ್ಯೋ ನನ್ನ ಕರ್ಮವೇ! ತೆಂಗಿನ ಕರಟದ ಹೊಗೆ ಕಣೇ!"

"ಕರಟದ ಹೊಗೆ ಕೊಟ್ರೆ ಹಾಕಿದ್ದು ಕೆಡಲ್ವೇನ್ರೀ?"

"ಇದು ಉಪ್ಪಿನಕಾಯಲ್ಲ!"

"ಹೇರಳೆಕಾಯಿ ಅದೆ, ಸಿಪ್ಪೆ ಅದೆ, ಜಾಡಿ ಅದೆ. ಉಪ್ಪೊಂದು ಹಾಕಿಲ್ಲ. ಅದ್ಯಾಕೆ ಅಂತ ನಾನೂ ಆಗ್ಲಿಂದ ಯೋಚ್ನೆ ಮಾಡ್ತಿದ್ದೆ."

ಕುಮಾರಸ್ವಾಮಿ ಒಂದು ಲೋಟದಲ್ಲಿ ಸ್ವಲ್ಪ ಹಾಕಿಕೊಂಡು ಕಾಂಪೌಂಡಿಗೆ ಓಡಿದ. ರಾಯರು ಗೋಡೆಯ ಆಚೆಯಿಂದಲೇ, ಲೋಟ ಸೋಕದ ದೂರದಲ್ಲಿ ಮೂಗು ಚಾಚಿ, ಕಣ್ಣು ಮುಚ್ಚಿ, ಒಂದು ಗಳಿಗೆ ಧ್ಯಾನಿಸಿದರು.

"ಕ್ಲಬ್ಬಿನಲ್ಲಿ ಈ ವಾಸನೆ ಇರಲಿಲ್ಲ" ಎಂದರು. "ನಮ್ಮನೇಲಿದೆ. ದ್ವಾದಶಿ ದಿನ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ವ್ಯಾನಿನ ಹಾರನ್ ಕೇಳಿಸಿತು.

ಬೀಗರು ಬಂದರು. ಕಾಲಿಗೆ ನೀರು ಕೊಟ್ಟದ್ದಾಯಿತು, ಹೆಂಗಸರು ಒಳಗೆ, ಗಂಡಸರು ಹಾಲಿನಲ್ಲಿ ಕೂತದ್ದಾಯಿತು. ಸುಷ್ಮಿತಾಳೂ ಗಂಡನ ಜೊತೆ ಬಂದಿದ್ದಳು. ಸಂಜೆ ಅದೇ ವ್ಯಾನಿನಲ್ಲಿ ವಾಪಸ್ಸು ಹೋಗಬೇಕಾದವಳು. ತನ್ನ ಮನೆಯಲ್ಲೇ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, "ನೀರು ಕೊಡ್ತೀಯಾ ಅಮ್ಮ" ಎಂದು ಕೇಳಿದಳು. ಅವಳಿಗೆ ಫ್ರಿಜ್ಜು ಎಲ್ಲಿದೆಯೆಂದು ಗೊತ್ತಿರಲಿಲ್ಲವೆ? ಪ್ರೇಮಮ್ಮ ನೀರು ಕೊಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ಒಮ್ಮೆ ನಲ್ಲಿ ತಿರುಗಿಸಿ ನಿಲ್ಲಿಸಿದಳು.

ಹಾಲಿನಲ್ಲಿ ಕುಮಾರಸ್ವಾಮಿ ಜಾಡಿಯ ಬಾಯಿ ಬಿಚ್ಚಿದ. ಬೇರೆ ದಾರಿ ಇರಲಿಲ್ಲ. ಮೊದಲ ಗ್ಲಾಸು, ಐಸು ತೇಲಿಬಿಟ್ಟು, ಎರಡು ಕೈಯಲ್ಲಿ ಮೂಗಯ್ಯನಿಗೆ ಕೊಟ್ಟ. ಎಲ್ಲರೂ ನೋಡುತ್ತಿದ್ದರು. ಮೂಗಯ್ಯ ಗ್ಲಾಸನ್ನು ಮೂಗಿನ ಹತ್ತಿರ ತಂದ. ಹುಬ್ಬು ಮೇಲೆ ಹೋಯಿತು. ಕಣ್ಣು ಅರೆ ಮುಚ್ಚಿತು. ಆಮೇಲೆ ಕಿಟಕಿ ನೋಡಿದ, ಕಬ್ಬಿಣದ ಗ್ರಿಲ್ಲು. ನೆಲ ನೋಡಿದ, ಮೊಸಾಯಿಕ್ಕು. ಎದ್ದು ನಿಂತ.

"ಯಾಕೋ ಸೆಕೆ" ಎಂದು ಹೇಳಿ, ಹೊರಗೆ ಸೋನೆ ಸುರಿಯುತ್ತಿದ್ದಾಗಲೇ, ಗ್ಲಾಸಿನ ಸಮೇತ ಹಿಂಬಾಗಿಲ ಕಡೆ ನಡೆದ.

ಕುಮಾರಸ್ವಾಮಿ ಗೋಡೆಗೆ ಒರಗಿದ. ಮದುವೆಯ ಮೆಟ್ಟಿಲು ಅವನ ಕಣ್ಣೆದುರು ಬಂತು. ಇತ್ತ ನೋಡಲು ಅಣ್ಣನ ಮುಖವಿಲ್ಲದೆ ಸಣ್ಣಮಾದಯ್ಯ ಕಂಗಾಲಾಗಿ, ಏನು ಮಾಡುವುದೆಂದು ತಿಳಿಯದೆ, ತನ್ನ ಗ್ಲಾಸನ್ನು ಒಂದೇ ಸಲಕ್ಕೆ ಎತ್ತಿಬಿಟ್ಟ. ನಾಲಿಗೆಯಲ್ಲಿ ತುಟಿ ಸವರಿಕೊಂಡ. ಮುಖ ಅರಳಿತು.

"ಬೀಗ್ರೇ, ಇದೇನ್ ಬೀಗ್ರೇ ಇದು! ನಂಚ್ಕಳಕೆ ಬ್ಯಾರೆ ಬ್ಯಾಡ್ವಲ್ಲ, ಒಳಗೇ ಅದೆ!"

ಒಬ್ಬರ ಹಿಂದೆ ಒಬ್ಬರು ಕೈ ಚಾಚಿದರು. ಆದರೆ ಕುಮಾರಸ್ವಾಮಿಯ ಕಣ್ಣು ಹಿಂಬಾಗಿಲ ಮೇಲೇ ಇತ್ತು. ಹೋಗಿ ಕರೆಯಲು ಅವನಿಗೆ ಧೈರ್ಯವಿಲ್ಲ.

ಅಡುಗೆಮನೆಯ ಕಿಟಕಿಯಿಂದ ಪ್ರೇಮಮ್ಮನಿಗೆ ಹಿಂದುಗಡೆಯೆಲ್ಲ ಕಾಣುತ್ತಿತ್ತು. ಮನೆ ಕಟ್ಟಿಸುವಾಗ ಕುಮಾರಸ್ವಾಮಿ ಕೆಸರಾಗಬಾರದೆಂದು ಕಾಂಪೌಂಡಿನವರೆಗೂ ಸಿಮೆಂಟು ಬಳಿಸಿದ್ದ. ಇದ್ದದ್ದು ಒಂದು ತುಳಸಿಕಟ್ಟೆ ಮಾತ್ರ. ಮೂಗಯ್ಯ ಆ ಸಿಮೆಂಟಿನ ಮೇಲೆ ಕಟ್ಟಿಹಾಕಿದ ಹೋರಿಯ ಹಾಗೆ ಸುತ್ತುತ್ತಿದ್ದ. ಒಮ್ಮೆ ತುಳಸಿಯ ಹತ್ತಿರ ಹೋಗಿ ಗ್ಲಾಸು ಬಗ್ಗಿಸಿದ. ಬಗ್ಗಿಸಿದ ಕೈಯನ್ನು ಬೆಂಕಿ ತಾಗಿದವನಂತೆ ಹಿಂದಕ್ಕೆಳೆದುಕೊಂಡು, "ತಪ್ಪಾಯ್ತು ತಾಯಿ, ತಪ್ಪಾಯ್ತು" ಎಂದು ಕೆನ್ನೆ ಕೆನ್ನೆ ಬಡಿದುಕೊಂಡ. ಕಾಂಪೌಂಡಿನ ಆಚೆ ಎಸೆಯೋಣವೆಂದು ತುದಿಗಾಲಲ್ಲಿ ನಿಂತರೆ, ಆಚೆ ಮಡಿಪಂಚೆಯುಟ್ಟ ಬಿಂದುಮಾಧವ ರಾಯರು ನಿಂತು, ಪಂಚ್ ಹೇಗಾಯಿತೋ ಎಂದು ಗೋಡೆಗೆ ಕಿವಿ ಕೊಟ್ಟಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಮಸ್ಕಾರ ಮಾಡಿದರು. ಮೂಗಯ್ಯ ಮೋರಿಯ ಹತ್ತಿರ ಹೋದ. ಅಲ್ಲಿ ಅಡುಗೆಯವರ ಹೆಂಗಸು ಕೋಳಿ ತೊಳೆಯುತ್ತಿದ್ದಳು.

ಪ್ರೇಮಮ್ಮನ ಮನಸ್ಸಿನಲ್ಲಿ ಏನೋ ಒಂದು ಮೆಲ್ಲನೆ ತಿರುಗಿ ನೆಟ್ಟಗೆ ಕೂತಿತು. ಅವಳು ಹಿಂಬಾಗಿಲಿಗೆ ಬಂದು, ಮೂಗಯ್ಯನ ಕೈಯಿಂದ ಗ್ಲಾಸು ತೆಗೆದುಕೊಂಡು ಬಚ್ಚಲಿಗೆ ಹೋಗಿ ಬರಿದು ಮಾಡಿ ತಂದಳು.

ಮೂಗಯ್ಯ ಅಗ್ಗಿಷ್ಟಿಕೆಯ ಮುಂದೆ ಕುಸಿದು ಕೂತ. ಕೆಂಡ ಇನ್ನೂ ಸತ್ತಿರಲಿಲ್ಲ.

"ಗೊತ್ತಾಗೋಯ್ತೇನವ್ವ?"

"ಏನು ಅಣ್ಣ ಗೊತ್ತಾಗೋದು? ನೀವು ಕುಡಿಯಲ್ಲ."

"ಮೆಲ್ಲಕೆ, ಮೆಲ್ಲಕೆ!" ಮೂಗಯ್ಯ ಸುತ್ತ ನೋಡಿದ. "ನಿಮ್ಮ ಅಳಿಯ ಎಳೇ ಮಗ ಆಗಿದ್ದಾಗ ಕಾಮಾಲೆ ಆಯ್ತು. ಬದುಕಲ್ಲ ಅಂದ್ಬುಟ್ರು. ಮಾದಪ್ಪನ ಬೆಟ್ಟಕ್ಕೋಗಿ, ಅಪ್ಪಾ, ಇವತ್ತಿಗೆ ಬುಟ್ಟೆ, ಮಗೀನ ಉಳಿಸ್ಕೊಡು ಅಂದೆ. ಉಳಿಸ್ಕೊಟ್ಟ. ಅವತ್ತಿಂದ ಒಂದು ತೊಟ್ಟು ಮು‌ಟ್ಟಿಲ್ಲ."

"ಅದರಲ್ಲಿ ಮುಚ್ಚಿಡೋದೇನು ಅಣ್ಣ? ಪುಣ್ಯದ ಕೆಲಸ."

"ಹರಕೆ ಹೇಳ್ಕಂಡು ತಿರುಗಿದ್ರೆ ಅದು ಜಂಬ ಆಯ್ತದೆ. ಅದೊಂದು. ಇನ್ನೊಂದು..." ಮೂಗಯ್ಯ ಗಂಟಲು ಸರಿಮಾಡಿಕೊಂಡ. "ಮೂಗಯ್ಯ ಕುಡುದವ್ನೆ ಅಂದ್ಕಂಡ್ರೆ, ಯಾರ ಮುಖಕ್ಕೆ ಬೇಕಾದ್ರೂ ನಿಜ ಹೇಳ್ಬೋದು. ಯಾರೂ ಬೇಜಾರ್ ಮಾಡ್ಕಳಲ್ಲ. ನಮ್ಮೂರಿನ ಅರ್ಧ ಜಗಳ ನಾನು ಅಂಗೇ ಬಿಡಿಸಿರೋದು. ಬರೀ ಬಾಯಲ್ಲಿ ಬಂದು ಹೇಳಿದ್ರೆ ಒದೀತಾರೆ."

ಪ್ರೇಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಇಷ್ಟು ವರ್ಷ ಗ್ಲಾಸುಗಳೆಲ್ಲ ಏನಾದವು?"

"ಊರಲ್ಲೇನು, ಕತ್ತಾಳೆ, ಹೊಂಗೆ, ಬೇಲಿ ಸಾಲು. ಒಬ್ಬರ ಮನೆ ತೆಂಗಿನ ಸಸಿ ಮಾತ್ರ ಪಾಪ ಒಣಗೋಯ್ತು. ಮೂರು ಬೀಗರೂಟ ಆಗಿತ್ತು ಆ ಮನೇಲಿ. ಈ ನಿಮ್ಮ ಪ್ಯಾಟೇಲಿ ನಾನೆಲ್ಲಿಗೆ ಹುಯ್ಯನವ್ವ? ಛತ್ರದಲ್ಲಿ ಸಿಮೆಂಟು, ಇಲ್ಲಿ ಸಿಮೆಂಟು. ಇರೋದೊಂದು ಗಿಡ, ಅದು ದೇವರು!"

ಸೋನೆ ಇಬ್ಬರ ತಲೆಯ ಮೇಲೂ ಬೀಳುತ್ತಿತ್ತು. ಪ್ರೇಮಮ್ಮ ಕೊಡೆ ಬಿಚ್ಚಿ ಕೆಂಡದ ಮೇಲೆ ಹಿಡಿದಳು. ತಡೆದು ತಡೆದು ಕೇಳಿದಳು. "ಹಾಗಾದ್ರೆ ಆಷಾಢ?"

"ಮಗೀನ ಬುಡೋಕೆ ಹಿರಿಯ ಅಂತ ನಾನೇ ಬರ್ಬೇಕು. ಬಂದ್ರೆ ನಿಮ್ಮೆಜಮಾನ್ರು ಬುಟ್ಟಾರಾ? ಕೂತ್ಕಳಿ ಬೀಗ್ರೇ ಅಂತ ಬಾಟ್ಲಿ ತಗೀತಾರೆ. ಕರ್ಕಂಡು ಹೋಗಕೆ ಬಂದ್ರೆ ಮತ್ತೆ ತಗೀತಾರೆ. ನೆನುಸ್ಕಂಡ್ರೆ ಕೈಕಾಲು ಬೀಳ್ತದೆ ಕಣವ್ವ. ಅದ್ಕೇ ನೋಡಾನ ಅಂದಿದ್ದು."

ಇಷ್ಟು ಹೇಳಿ ಅವನು ಖಾಲಿ ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದ. "ಒಂದ್ಮಾತು. ಈ ಜಾಡಿಗೆ ಹೊಗೆ ಕೊಟ್ಟೋರು ಯಾರು?"

ಪ್ರೇಮಮ್ಮ ತಲೆ ತಗ್ಗಿಸಿದಳು. "ನಾನೇ ಅಣ್ಣ. ತಪ್ಪಾಯ್ತು. ಅದಕ್ಕೆ ಇಂಗು ಹಾಕಬಾರದಂತೆ."

"ತಪ್ಪೇನವ್ವ ಬಂತು! ಇಷ್ಟು ಚೆನ್ನಾಗಿ ಹೊಗೆ ಕುಡುದಿರೋ ಜಾಡಿಗೆ ಆ ಸುಡುಗಾಡ್ನ ಯಾಕೆ ಹುಯ್ದ್ರಿ?"

ಬೇಸಿನ್ನಿನಲ್ಲಿ ನಾಲ್ಕು ಹೇರಳೆಕಾಯಿ, ಬಟ್ಟಲಲ್ಲಿ ಸಿಪ್ಪೆಯ ಬೆಲ್ಲದ ಪಾಕ ಮಿಕ್ಕಿತ್ತು. ಪ್ರೇಮಮ್ಮ ಹೋಳು ಮಾಡಿಕೊಟ್ಟಳು, ಮೂಗಯ್ಯ ಕೆಂಡ ಊದಿ ಹೋಳುಗಳನ್ನು ಬೋರಲು ಹಾಕಿದ. "ಅವಸರ ಮಾಡ್ಬೇಡ, ಅಂಚು ಕರ್ರಗಾಗ್ಲಿ" ಎಂದ. ಒಂದು ತಂಬಿಗೆಗೆ ಇಂಗಿನ ಹೊಗೆ ಕೊಟ್ಟರು. ರಸ ಹಿಂಡಿ, ಪಾಕ ಬೆರೆಸಿ, ಬಣ್ಣ ಬರುವಷ್ಟು ಡಿಕಾಕ್ಷನ್ನು ಹಾಕಿದರು. ಗ್ಲಾಸಿಗೆ ಬಗ್ಗಿಸಿ ಬೆಳಕಿಗೆ ಹಿಡಿದರೆ, ಒಳಗಿನ ಜಾಡಿಗೂ ಇದಕ್ಕೂ ಕೂದಲೆಳೆಯ ಬಣ್ಣದ ವ್ಯತ್ಯಾಸವಿರಲಿಲ್ಲ. ಮೂಗಯ್ಯ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಪ್ರೇಮಮ್ಮ ತಂಬಿಗೆಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ಹಾಲಿನ ಬಾಗಿಲಿಗೆ ಬಂದು ಗಟ್ಟಿಯಾಗಿ ಹೇಳಿದಳು.

"ರೀ, ಅಣ್ಣಾವ್ರು ಒಂದು ಮುಗಿಸಿದ್ರು. ಇನ್ನೊಂದು ಕೇಳ್ತಾವ್ರೆ. ನಾನೇ ಕೊಡ್ತೀನಿ, ನೀವು ಉಳಿದೋರನ್ನ ನೋಡ್ಕೊಳಿ."

ಮೂಗಯ್ಯ ಅವತ್ತು ಎಷ್ಟು ಗ್ಲಾಸು ಕುಡಿದನೆಂದು ಇಲವಾಲದಲ್ಲಿ ಇವತ್ತಿಗೂ ಒಮ್ಮತವಿಲ್ಲ. ಐದು ಎನ್ನುವವರಿದ್ದಾರೆ, ಎಂಟು ಎನ್ನುವವರಿದ್ದಾರೆ. ಆ ಜಾಡಿಯ ಪಂಚ್ ಎರಡು ಗ್ಲಾಸಿಗೇ ಉಳಿದವರ ಕಾಲು ಕಿತ್ತಿತ್ತು. ಅಳಿಯನ ಸೋದರಮಾವ ಸೋಫಾದಲ್ಲಿ ಕೂತಲ್ಲೇ ಭಜನೆ ಶುರು ಮಾಡಿ, ಪಲ್ಲವಿ ಮರೆತು, ಪಕ್ಕದಲ್ಲಿದ್ದ ದಿಂಬನ್ನು ಕೇಳುತ್ತಿದ್ದ. ಮೂಗಯ್ಯ ಮಾತ್ರ ನಡುವೆ ಕಂಬದ ಹಾಗೆ ನೆಟ್ಟಗೆ ಕೂತು, ಗ್ಲಾಸಿನ ಮೇಲೆ ಗ್ಲಾಸು ಖಾಲಿ ಮಾಡುತ್ತ, ಒಬ್ಬೊಬ್ಬರಿಗೂ ನಿಜ ಹೇಳತೊಡಗಿದ.

"ಸಣ್ಣಮಾದ, ನನ್ನ ಮುಖ ನೋಡೋದು ಬುಟ್ಟು ನಿನ್ನೆಂಡ್ತಿ ಮುಖ ನೋಡ್ಲಾ. ಮಂಡಿ ನೋವು ಮಂಡಿ ನೋವು ಅಂತ ಎಷ್ಟು ದಿನದಿಂದ ಬಡ್ಕತಾವ್ಳೆ. ನಾಳೆನೇ ಡಾಕ್ಟ್ರುತಾವ ಕರ್ಕಂಡೋಗು."

"ಆಯ್ತಣ್ಣ" ಎಂದು ಸಣ್ಣಮಾದಯ್ಯ ಅತ್ತುಬಿಟ್ಟ.

"ಬೀಗ್ರೇ, ಕುಮಾರಸ್ವಾಮಿಗಳೇ! ಇಷ್ಟು ಚೆಂದಾಗಿ ಮನೆ ಕಟ್ಟಿದ್ದೀರಿ, ಒಂದು ಗಿಡ ನೆಡಕೆ ಅಂಗೈಯಗಲ ಮಣ್ಣು ಬುಡಬಾರದಾ? ಮನುಷ್ಯ ನಿಂತ್ಕಳೋದು ಎಲ್ಲಿ?"

"ಸತ್ಯ, ಸತ್ಯ!" ಎಂದು ಇಡೀ ಹಾಲು ಕೂಗಿತು. "ಎಂಥಾ ಮಾತು! ಇಷ್ಟು ಕುಡುದವ್ನೆ, ಒಂದು ಮಾತು ತೊದಲ್ತಾನಾ ನೋಡು!" ಬಾಗಿಲ ಮರೆಯಲ್ಲಿ ನಿಂತ ಪ್ರೇಮಮ್ಮ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು. ಕುಮಾರಸ್ವಾಮಿಯಂತೂ ಜಾಡಿಯನ್ನು ತಬ್ಬಿಕೊಂಡು ಕೂತಿದ್ದ. ಯಾರು ಕೇಳಿದರೂ, "ಇಂಗು ಬೇಕೂಂತಲೇ ಹಾಕ್ಸಿದ್ದು. ಅದೇ ಗುಟ್ಟು" ಎನ್ನುತ್ತಿದ್ದ.

ಆದರೆ ಆಷಾಢದ ಮಾತನ್ನು ಮೂಗಯ್ಯ ಎತ್ತಲಿಲ್ಲ. ಸಂಜೆ ವ್ಯಾನು ಹತ್ತುವಾಗಲೂ ಎತ್ತಲಿಲ್ಲ. ಸುಷ್ಮಿತಾ ಕಿಟಕಿಯಿಂದ ಕೈಬೀಸಿದಳು. ಪ್ರೇಮಮ್ಮನೂ ಕೇಳಲಿಲ್ಲ.

"ಇಷ್ಟು ಖುಷಿಯಾಗಿದ್ರು, ಒಂದು ಮಾತು ಕೇಳ್ಬಾರ್ದಿತ್ತೇನೇ?" ಎಂದ ಕುಮಾರಸ್ವಾಮಿ.

"ಕೇಳಿದ್ದಾಯ್ತಲ್ಲ" ಎಂದಳು ಪ್ರೇಮಮ್ಮ.

ಅವಳಿಗೆ ಈಗ ಬೇರೆಯದೇ ಅಂಜಿಕೆ ಹುಟ್ಟಿತ್ತು. ಇಷ್ಟು ವರ್ಷ ಒಡಹುಟ್ಟಿದ ತಮ್ಮನಿಗೂ ಹೇಳದ್ದನ್ನು ಮೂಗಯ್ಯ ಬೀಗಿತಿಯ ಮುಂದೆ ಆಡಿಬಿಟ್ಟಿದ್ದಾನೆ. ಕುಡಿತ ಬಯಲಾದರೆ ಗಂಡಸು ಹೇಗೋ ತಡೆದುಕೊಳ್ಳುತ್ತಾನೆ. ಒಳ್ಳೆಯತನ ಬಯಲಾದರೆ ಕೆಲವರಿಗೆ ಮುಖ ತೋರಿಸಲಾಗುವುದಿಲ್ಲ. ನಾಚಿಕೆಯಿಂದಲೇ ಅವನು ಈ ಹೊಸಿಲು ತುಳಿಯದೆ ಹೋದರೆ? ಅವಳು ಯಾರಿಗೂ ಏನೂ ಹೇಳಲಿಲ್ಲ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಮಾತ್ರ, "ನಿಮ್ಮ ಗುಟ್ಟು ನನ್ನಲ್ಲಿ ಭದ್ರವಾಗಿದೆ ಅಂತ ಅವರಿಗೆ ಹೇಗಾದ್ರೂ ತಿಳಿಸು" ಎಂದು ಮಾದಪ್ಪನಿಗೆ ಒಪ್ಪಿಸುತ್ತಿದ್ದಳು.

ಆಷಾಢ ಹುಟ್ಟಿತು. ಬೀದಿಯಲ್ಲಿ ಮದುವೆಯಾಗಿದ್ದ ಇನ್ನೊಬ್ಬ ಹುಡುಗಿ ಹಿಂದಿನ ದಿನವೇ ತವರಿಗೆ ಬಂದಿದ್ದಳು. ಕುಮಾರಸ್ವಾಮಿ ಬೆಳಿಗ್ಗೆ ಪಾಳಿಗೆ ಹೊರಡುತ್ತ, "ಭಾನುವಾರ ನಾನೇ ಇಲವಾಲಕ್ಕೆ ಹೋಗ್ತೀನಿ. ಒಳ್ಳೇ ಬಾಟ್ಲಿ ಒಂದು ತಗೊಂಡು ಹೋಗಿ ಕೇಳ್ತೀನಿ" ಎಂದ.

"ಬೇಡಿ" ಎಂದಳು ಪ್ರೇಮಮ್ಮ, ಅವನು ಹೆಲ್ಮೆಟ್ಟು ಬೀಳಿಸುವಷ್ಟು ಜೋರಾಗಿ.

ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಅದು ಕರಗುವುದನ್ನೇ ಕಾಯುತ್ತಿದ್ದವರ ಹಾಗೆ, ಹಾಲಿನ ಬೂತಿನ ಮರೆಯಿಂದ ಇಬ್ಬರು ಹೊರಬಂದರು. ಮುಂದೆ ಬಿಳಿ ಪಂಚೆ, ಹೆಗಲಿಗೆ ಟವೆಲು, ಕೈಯಲ್ಲಿ ಒಂದು ಕಂದುಬಣ್ಣದ ಬ್ಯಾಗು. ಹಿಂದೆ ನಿದ್ದೆಗಣ್ಣಿನ ಸುಷ್ಮಿತಾ.

"ನೋಡಮ್ಮ, ದೊಡ್ಡಮಾವ ಮೊದಲ್ನೇ ಬಸ್ಸಿಗೇ ಹತ್ತಿಸ್ಕೊಂಡು ಬಂದ್ಬುಟ್ರು" ಎಂದು ದೂರುತ್ತ ಸುಷ್ಮಿತಾ ಗೇಟು ದೂಡಿಕೊಂಡು ಬಂದಳು. "ಆಗ್ಲಿಂದ ಆ ಬೂತಿನ ಹಿಂದೆ ನಿಲ್ಲಿಸಿದಾರೆ. ಯಾಕೆ ಅಂದ್ರೆ ಸುಮ್ನಿರವ್ವ ಅಂತಾರೆ. ಕಾಫಿ ಇದ್ಯಾ?" ಉತ್ತರಕ್ಕೂ ಕಾಯದೆ ಚಪ್ಪಲಿ ಕಳಚಿ ನೆಟ್ಟಗೆ ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಬಾಗಿಲು ತೆಗೆದ ಸದ್ದು ಕೇಳಿಸಿತು.

ಮೂಗಯ್ಯ ಗೇಟಿನ ಆಚೆಯೇ ನಿಂತಿದ್ದ. ಪ್ರೇಮಮ್ಮ ಹತ್ತಿರ ಹೋದಳು. ಅವನು ಅವಳ ಮುಖ ನೋಡಲಿಲ್ಲ. ಬ್ಯಾಗಿನ ಮೇಲೆ ಬಿದ್ದಿದ್ದ ಮಳೆಹನಿಯನ್ನು ಟವೆಲಿನ ತುದಿಯಿಂದ ಒರೆಸಿ, ಗೇಟಿನ ಮೇಲಿಂದ ಅದನ್ನು ಮೆಲ್ಲನೆ ಅವಳ ಕೈಗೆ ಕೊಟ್ಟ.